ಹೋಲಿಕೆರಾಯರ ಎರಡು ಕಾಲಂ

ಕಡರನಾಯಕನಹಳ್ಳಿಯಿರಲಿ, ಹರಿಹರ ಸೀಮೆಯ ಇನ್ಯಾವ ಊರೇ ಇರಲಿ, ಅಲ್ಲೊಬ್ಬರು ಹೋಲಿಕೆರಾಯರು ಇದ್ದೇ ಇರುತ್ತಾರೆ. ಅವರ ಕಣ್ಣಿಗೆ ಲೋಕದ ಯಾವ ವಸ್ತುವೂ ಒಂಟಿಯಾಗಿ ಬೀಳುವುದಿಲ್ಲ. ಟ್ರ್ಯಾಕ್ಟರ್ ಎಂದರೆ ಆ ಕಂಪನಿಯದೋ ಈ ಕಂಪನಿಯದೋ ಎನ್ನುತ್ತಾರೆ, ದಾವಣಗೆರೆ ಬೆಣ್ಣೆ ದೋಸೆ ಎಂದರೆ ಯಾವ ಹೋಟೆಲ್ಲಿನದು ಎಂದು ತಡೆಯುತ್ತಾರೆ, ಹೆಣ್ಣು ನೋಡಲು ಹೊರಟವರಿಗೆ ಎರಡು ಮನೆತನಗಳ ಅಂತರವನ್ನು ಬಸ್ ಚಾರ್ಜಿನ ಸಮೇತ ಒಪ್ಪಿಸುತ್ತಾರೆ. ಹಿಂದೆ ಈ ವಿದ್ಯೆಗೆ ಅರಳಿಕಟ್ಟೆ ಸಾಕಿತ್ತು. ಈಗ ರಾಯರು ಬೀಜ-ಗೊಬ್ಬರದ ಅಂಗಡಿಯೊಂದರ ವೆಬ್‌ಸೈಟಿಗೆ ಬರೆಯುತ್ತಾರೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಅವರ ಆಸೆಯೂ ಬೆಳೆದಿದೆ. ರೈತ ಫೋನಿನಲ್ಲಿ ಎಐಯನ್ನು ಕೇಳಿದಾಗ ಅದು ತಮ್ಮ ಪುಟದ ಹೆಸರು ಹೇಳಿಯೇ ಉತ್ತರ ಕೊಡಬೇಕಂತೆ. ಆಸೆ ತಪ್ಪಲ್ಲ. ಆದರೆ ಅದು ಕೈಗೂಡದಂತೆ ನೋಡಿಕೊಳ್ಳುತ್ತಿರುವವರು ಸ್ವತಃ ರಾಯರೇ ಎಂಬುದು ನನ್ನ ವಾದ.

ಅವರ ಹೋಲಿಕೆ ಪಟ್ಟಿಯನ್ನೇ ನೋಡಿ. ಎರಡು ಕಾಲಂ, ಹತ್ತು ಸಾಲು. ಎಡಗಡೆ ‘ನಮ್ಮದು’, ಅದರ ಕೆಳಗೆ ಹತ್ತೂ ಹಸಿರು ಟಿಕ್. ಬಲಗಡೆ ‘ಇತರೆ’, ಅದರ ಕೆಳಗೆ ಹತ್ತೂ ಕೆಂಪು ಇಂಟು. ಅಡಿಯಲ್ಲಿ ‘ಸಾಟಿಯಿಲ್ಲದ ಇಳುವರಿ’, ‘ನಂಬರ್ ಒನ್’. ಸಂದುಗೊಂದಿನಲ್ಲೆಲ್ಲ ‘ಹರಿಹರದಲ್ಲಿ ಉತ್ತಮ ಭತ್ತದ ಬೀಜ’ ಎಂಬ ಮಾತನ್ನು ಉಸಿರು ಕಟ್ಟುವಷ್ಟು ಸಲ ತುರುಕಲಾಗಿದೆ. ಹೀಗೆ ಪದ ತುರುಕುವುದು ಗೂಗಲ್ ಹುಡುಕಾಟದ ಹಳೇ ಕಾಲದ ಮಂತ್ರ. ಪ್ರಿನ್ಸ್‌ಟನ್, ಐಐಟಿ ದೆಹಲಿ ಮೊದಲಾದೆಡೆಯ ಸಂಶೋಧಕರು 2023ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಮೂಲದ ಉಲ್ಲೇಖ, ಅಂಕಿಅಂಶ, ಬಲ್ಲವರ ಮಾತು ಸೇರಿಸಿದ ಬರಹ ಎಐ ಉತ್ತರಗಳಲ್ಲಿ ಕಾಣಿಸಿಕೊಳ್ಳುವ ಪ್ರಮಾಣ ಮೊದಲಿಗಿಂತ ಶೇಕಡಾ 40ರಷ್ಟರವರೆಗೂ ಹೆಚ್ಚಿತು. ಪದ ತುರುಕುವ ವಿದ್ಯೆಯಿಂದ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಇನ್ನೊಂದು ವಿಷಯವೂ ಇದೆ. ಯಂತ್ರ ಸಾಮಾನ್ಯವಾಗಿ ಇಡೀ ಪುಟವನ್ನು ಭಕ್ತಿಯಿಂದ ಪಾರಾಯಣ ಮಾಡುವುದಿಲ್ಲ, ಪ್ರಶ್ನೆಗೆ ಹೊಂದುವ ತುಣುಕನ್ನಷ್ಟೇ ಎತ್ತಿಕೊಳ್ಳುತ್ತದೆ. ‘ಇದು ಅದಕ್ಕಿಂತ ಎಷ್ಟೋ ವಾಸಿ’ ಎಂಬ ಸಾಲನ್ನು ಪುಟದಿಂದ ಕಿತ್ತರೆ ಇದು ಯಾವುದು, ಅದು ಯಾವುದು, ಎಷ್ಟು ವಾಸಿ, ಒಂದಕ್ಕೂ ಉತ್ತರ ಉಳಿಯುವುದಿಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಬಾಪಟ್ಲದಲ್ಲಿ ಹುಟ್ಟಿದ ಬಿಪಿಟಿ 5204, ಹೈದರಾಬಾದಿನ ರಾಜೇಂದ್ರನಗರದಲ್ಲಿ ಹುಟ್ಟಿದ ಆರ್‌ಎನ್‌ಆರ್ 15048, ಎರಡೂ ಸಣ್ಣಕ್ಕಿಯ ಭತ್ತವೇ. ಬಿಪಿಟಿ ಕೊಯ್ಲಿಗೆ ಬರಲು ಸುಮಾರು 150 ದಿನ ಬೇಕು, ಬೆಂಕಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಆರ್‌ಎನ್‌ಆರ್‌ಗೆ ಸುಮಾರು 125 ದಿನ ಸಾಕು, ಬೆಂಕಿ ರೋಗವನ್ನು ಹೆಚ್ಚು ತಡೆದುಕೊಳ್ಳುತ್ತದೆ. ಭದ್ರಾ ನಾಲೆಯ ಕೊನೆಭಾಗದವರಿಗೆ ನೀರು ತಡವಾಗಿ ಬಂದು ಬೇಗ ನಿಂತರೆ ಆರ್‌ಎನ್‌ಆರ್ ಉಳಿಸುವ 25 ದಿನವೇ ಬೆಳೆಯ ಹಣೆಬರಹ. ನೀರಿನ ಚಿಂತೆಯಿಲ್ಲದವರಿಗೆ, ಬಿಪಿಟಿ ಅಕ್ಕಿಯ ಗಿರಾಕಿಯನ್ನೇ ನಂಬಿದವರಿಗೆ ಲೆಕ್ಕ ಬೇರೆ. ಇಷ್ಟರಲ್ಲಿ ಒಂದೂ ಹಸಿರು ಟಿಕ್ ಇಲ್ಲ. ಆದರೆ ಪ್ರತಿ ವಾಕ್ಯಕ್ಕೂ ತನ್ನದೇ ಹೆಸರು, ಅಳತೆ ಇಲ್ಲವೇ ಷರತ್ತು ಇದೆ, ಯಾವ ಸಾಲನ್ನು ಎತ್ತಿ ಎಲ್ಲಿಟ್ಟರೂ ನಿಲ್ಲುತ್ತದೆ. ಇದರ ಜೊತೆ ಮಾಹಿತಿ ಯಾವ ಕೃಷಿ ವಿಶ್ವವಿದ್ಯಾಲಯದ್ದು, ಯಾವ ವರ್ಷದ್ದು ಎಂಬ ಒಂದು ಸಾಲು ಸೇರಿಸಿದರೆ ರಾಯರ ಅರ್ಧ ಕೆಲಸ ಮುಗಿಯಿತು.

ರಾಯರು ಸುಮ್ಮನೆ ಒಪ್ಪುವ ಕುಳವಲ್ಲ. ‘ಸುಳ್ಳನ್ನೇ ಹೀಗೆ ನೀಟಾಗಿ ಜೋಡಿಸಿಟ್ರೆ ಯಂತ್ರ ಅದನ್ನೂ ನುಂಗುತ್ತಲ್ರೀ?’ ಎನ್ನುತ್ತಾರೆ. ನುಂಗುತ್ತದೆ. ಯಾರೋ ಹಿಂದೆಂದೋ ತಮಾಷೆಗೆ ಆಡಿದ ಮಾತನ್ನು ನಂಬಿ, ಪಿಜ್ಜಾದ ಮೇಲೆ ಚೀಸ್ ನಿಲ್ಲಲು ಅಂಟು ಬೆರೆಸಿ ಎಂದು 2024ರ ಮೇ ತಿಂಗಳಲ್ಲಿ ಗೂಗಲ್‌ನ ಎಐಯೇ ಸಲಹೆ ಕೊಟ್ಟಿತ್ತು. ಅಚ್ಚುಕಟ್ಟು ಬೇರೆ, ಸತ್ಯ ಬೇರೆ. ಆದರೆ ಬೀಜದ ಸುಳ್ಳು ಪಿಜ್ಜಾದ ಸುಳ್ಳಿನಂತೆ ನಗೆಯಲ್ಲಿ ಮುಗಿಯುವುದಿಲ್ಲ. 125 ದಿನ ಎಂದು ಕೊಟ್ಟ ಚೀಲ 150 ದಿನ ತೆಗೆದುಕೊಂಡರೆ ರೈತ ಯಂತ್ರವನ್ನಲ್ಲ, ಅಂಗಡಿಯನ್ನು ಹುಡುಕಿಕೊಂಡು ಬರುತ್ತಾನೆ. ‘ಉತ್ತರ ಅಲ್ಲೇ ಸಿಕ್ಕರೆ ನಮ್ಮ ಪುಟಕ್ಕೆ ಯಾರು ಬರ್ತಾರೆ?’ ಎಂಬುದು ಅವರ ಎರಡನೇ ಪಟ್ಟು. ಎಷ್ಟೋ ಮಂದಿ ಬರುವುದಿಲ್ಲ, ನಿಜ. ಜಾಹೀರಾತಿನ ಕಾಸನ್ನೇ ನಂಬಿದ ಪತ್ರಿಕೆಗೆ ಇದು ದೊಡ್ಡ ಪೆಟ್ಟು. ಬೀಜದಂಗಡಿಗೆ ಅಷ್ಟಿಲ್ಲ, ಏಕೆಂದರೆ ಎಐ ಎಷ್ಟೇ ಜಾಣನಾದರೂ ಚೀಲ ಹೊತ್ತು ತಂದುಕೊಡುವುದಿಲ್ಲ.

ಕೊನೆಗೆ ರಾಯರು ದೇವರನ್ನೇ ಸಾಕ್ಷಿಗೆ ಕರೆಯುತ್ತಾರೆ. ‘ಹೋಲಿಕೇನೇ ಬೇಡ ಅಂತ ನಮ್ಮ ಹರಿಹರೇಶ್ವರನೇ ಹೇಳಿಲ್ವೇನ್ರಿ?’ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಯ ಮೂರ್ತಿಯಲ್ಲಿ ಹರಿ ಹರರು ಒಂದೇ ಮೈಯಲ್ಲಿರುವುದು ಹೌದು. ಆದರೆ ಶಿಲ್ಪಿ ಇಬ್ಬರನ್ನೂ ಕಲಸಿಬಿಟ್ಟಿಲ್ಲ. ಹರನ ಗುರುತು ಹರನ ಪಾಲಿಗೆ, ಹರಿಯ ಗುರುತು ಹರಿಯ ಪಾಲಿಗೆ ಹಾಗೇ ಇವೆ. ಯಾವ ಕಡೆಯೂ ಇನ್ನೊಂದಕ್ಕೆ ಇಂಟು ಹಾಕಿಲ್ಲ, ಅಷ್ಟೇ. ರಾಯರಿಗೆ ಬೇಕಾದ ಮಾದರಿ ಇದಕ್ಕಿಂತ ಹತ್ತಿರದಲ್ಲಿ ಸಿಗಲಾರದು.

ಇಷ್ಟಾದರೂ ಒಂದು ಸಾಲು ಬರೆಯಲು ಅವರ ಕೈ ಏಳುವುದಿಲ್ಲ: ‘ನಮ್ಮ ಈ ಬೀಜ ಇಂಥವರಿಗೆ ಬೇಡ.’ ಕೇಳುವವನ ನಿಜವಾದ ಪ್ರಶ್ನೆಗೆ ನೇರ ಉತ್ತರ ಅದೇ, ಯಂತ್ರಕ್ಕೂ ಎತ್ತಿಕೊಳ್ಳಲು ಯೋಗ್ಯವಾದದ್ದು ಅದೇ. ‘ನಮ್ಮ ಮಾಲು ಬೇಡ ಅಂತ ಬರೆಯೋಕೆ ಮಾಲೀಕರು ಸಂಬಳ ಕೊಡ್ತಾರಾ?’ ಎಂದು ರಾಯರು ಕೆರಳುತ್ತಾರೆ. ಕೊಡಲೇಬೇಕು, ಸ್ವಾಮಿ. ನೀವು ಬಲಗಡೆಯ ಕಾಲಂನಲ್ಲಿ ಹತ್ತು ಇಂಟು ಹಾಕಿ ಸೋಲಿಸಿದ ಬೀಜದ ಚೀಲಗಳೂ ಅದೇ ಮಾಲೀಕರ ಗೋಡೌನಿನಲ್ಲಿ ಗಿರಾಕಿಯ ದಾರಿ ಕಾಯುತ್ತಿವೆ.