ಪರ್ಸಿಯಿಂದ ಪರದೆಗೆ: ಕಾಯಿ ಹಣ್ಣಾಗುವ ಕುರಿತು ಒಂದು ಗಹನ ಮೀಮಾಂಸೆ

ಸೇಡಂ–ಚಿತ್ತಾಪುರ ಸೀಮೆಯ ಯಾವ ಪ್ರಬಂಧವೇ ಆಗಲಿ, ಮಳಖೇಡದಿಂದ ಆರಂಭವಾಗದಿದ್ದರೆ ಪಂಡಿತರು ಅದನ್ನು ಪಂಕ್ತಿಗೆ ಕೂರಿಸುವುದಿಲ್ಲ. ಆದಕಾರಣ: ಮಳಖೇಡ, ಕಾಗಿಣಾ ದಂಡೆ, ರಾಷ್ಟ್ರಕೂಟರ ರಾಜಧಾನಿ, ನೃಪತುಂಗ. ವಿಧಿ ಮುಗಿಯಿತು. ಇನ್ನು ವಿಷಯ. ಅದು ಲೂಡೋ ಕಿಂಗ್.

ನವಿ ಮುಂಬೈಯ ಕಂಪನಿಯೊಂದು 2016ರಲ್ಲಿ ಮೊಬೈಲಿಗಿಳಿಸಿದ ಈ ಆಟ 2020ರ ಲಾಕ್‌ಡೌನಿನಲ್ಲಿ ಮನೆಮನೆ ಹೊಕ್ಕಿತು. ಲೂಡೋ ಎಂದರೆ ಲ್ಯಾಟಿನ್ನಿನಲ್ಲಿ ‘ನಾನು ಆಡುತ್ತೇನೆ’. ನಮ್ಮ ಹಳೆಯ ಪಚೀಸಿ ಆಟದ ಕವಡೆ ಕಿತ್ತು ದಾಳ ಇಟ್ಟ ಇಂಗ್ಲೆಂಡಿನವರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದರು. ಫತೇಪುರ್ ಸಿಕ್ರಿಯಲ್ಲಿ ಅಕ್ಬರನ ಪಚೀಸಿ ಅಂಗಳ ಇಂದಿಗೂ ಇದೆ, ಕಲ್ಲಿನದು. ಬಾದಶಹನಿಗೆ ಅಷ್ಟು ದೊಡ್ಡ ಅಂಗಳವೇ ಬೇಕಾಯಿತು. ನಮ್ಮ ಕೊಡ್ಲಿ ಊರಿನವರಿಗೆ ಒಂದು ಶಹಾಬಾದಿ ಪರ್ಸಿ ಸಾಕು.

ಈ ಪರ್ಸಿಯನ್ನು ಶಾಸ್ತ್ರಕಾರರು ಕಡೆಗಣಿಸಿದ್ದಾರೆ. ಪದರುಪದರಾಗಿ ಏಳುವ ಈ ಸುಣ್ಣದಕಲ್ಲು ನೆಲಕ್ಕೂ ಕಟ್ಟೆಗೂ ಹಾಸಾಗುತ್ತದೆ. ಸುಣ್ಣದಕಲ್ಲನ್ನೇ ವಾಡಿ, ಸೇಡಂಗಳ ಕಾರ್ಖಾನೆಗಳು ಸುಟ್ಟು ಸಿಮೆಂಟು ಮಾಡುತ್ತವೆ. ಸುಡದೆ ಉಳಿದದ್ದರ ಮೇಲೆ ಖಡುವಿನಿಂದ ಐದೈದು ಗೆರೆಮನೆ ಎಳೆದರೆ ಚೌಕಾಬಾರ: ಇಪ್ಪತ್ತೈದು ಮನೆ, ನಾಲ್ಕು ಕವಡೆ, ಕವಡೆ ಸಿಗದಿದ್ದರೆ ಒಡೆದ ಹುಣಸಿ ಬೀಜ. ಕಾಯಿಗೆ ಬಳೆಚೂರು, ಹರಳು, ತೊಗರಿ. ಚಾರ್ಜರ್ ಬೇಡ.

ಇಲ್ಲೊಂದು ಭಾಷಾಶಾಸ್ತ್ರದ ಕಗ್ಗಂಟು. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕಾ, ನಾಲ್ಕು, ಸರಿ. ನಾಲ್ಕೂ ಬೋರಲು ಬಿದ್ದರೆ ಬಾರಾ. ಉರ್ದು ಬಲ್ಲ ಈ ಸೀಮೆಯ ಮಗುವಿಗೂ ಬಾರಾ ಅಂದರೆ ಹನ್ನೆರಡು. ನಡೆಸುವುದು ಮಾತ್ರ ಎಂಟು ಮನೆ. ಉಳಿದ ನಾಲ್ಕು ಎಲ್ಲಿ ಹೋದವು? ಈ ಲೆಕ್ಕ ಇಂದಿಗೂ ಬಾಕಿ.

ಪಾರಿಭಾಷಿಕ ಶಬ್ದಗಳಲ್ಲಿ ಚೌಕಾಬಾರದ್ದು ಒಕ್ಕಲುತನ. ಆಡುವುದು ಕಾಯಿ, ನಡುಮನೆ ಸೇರಿದರೆ ಹಣ್ಣು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ಎಷ್ಟೋ ಮನೆಗಳ ಕಾನೂನು. ಲೂಡೋದಲ್ಲಿ ಯಾರನ್ನೂ ಕಡಿಯದೆ ಸಜ್ಜನನಂತೆ ಸುತ್ತು ಮುಗಿಸಿ ಮನೆ ಸೇರಬಹುದು. ಇಂಥ ಗೆಲುವನ್ನು ಹಿರಿಯರು ಗೆಲುವೆಂದು ಒಪ್ಪದಿರುವುದು ಸಹಜವೇ.

ಈಗ ಪೂರ್ವಪಕ್ಷ. ಫೋನಿನಲ್ಲಿ ಕಳ್ಳಾಟ ಸಾಧ್ಯವಿಲ್ಲ: ಮನೆ ಎಣಿಸುವುದು ಅದೇ, ಪಾಳಿ ಕೊಡುವುದು ಅದೇ, ಸೆರಗು ತಾಗಿ ಕಾಯಿ ಸರಿಯುವುದಿಲ್ಲ. ಆದ್ದರಿಂದ ಜಗಳವೂ ಇಲ್ಲ.

ಇದು ತಪ್ಪು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ಒಂದೇ ಫೋನನ್ನು ನಡುವೆ ಇಟ್ಟುಕೊಂಡ ಮುತ್ಯಾ, ಆಯಿ, ಮೊಮ್ಮಗನ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಿ.

“ಮುತ್ಯಾ, ನಿಂದೇ ಪಾಳಿ ಅದ, ಒತ್ತು.”

“ಎಷ್ಟು ಒತ್ತಲೋ? ಆರು ಬೀಳವಲ್ದು. ಈ ಫೋನು ಮೋಸ ಮಾಡ್ಲಕತ್ತದ.”

ಮುತ್ಯಾನ ಆರೋಪವನ್ನು ಗಣಿತದಿಂದ ಪರೀಕ್ಷಿಸೋಣ. ದಾಳದಲ್ಲಿ ಆರು ಬೀಳುವ ಸಾಧ್ಯತೆ ಆರರಲ್ಲಿ ಒಂದು. ಹಾಗಾದರೆ ಸತತ ಹತ್ತು ಸಲ ಆರು ಬೀಳದಿರುವ ಸಾಧ್ಯತೆ ನೂರಕ್ಕೆ ಸುಮಾರು 16. ಅಂದರೆ ಪ್ರಾಮಾಣಿಕ ದಾಳವೂ ಆರೇಳು ಜನರಲ್ಲಿ ಒಬ್ಬರನ್ನು, ಕಾಯಿ ಹೊರಬಿಡುವ ಆರು ಬೀಳದೆ, ಹತ್ತು ಪಾಳಿಯವರೆಗೆ ಮನೆಯೊಳಗೇ ಕೂರಿಸುತ್ತದೆ. ಕವಡೆ ಇನ್ನೂ ಜಿಪುಣ: ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಹಿಡಿದರೂ ಚೌಕಾ ಇಲ್ಲವೇ ಬಾರಾ ಎಂಟರಲ್ಲಿ ಒಮ್ಮೆ ಮಾತ್ರ.

ಆದರೂ ಪರ್ಸಿಯ ಮೇಲೆ ಸೋತ ಮುತ್ಯಾ ಕವಡೆಯನ್ನು ಬೈಯುವುದಿಲ್ಲ, ಎದುರು ಕೂತ ಆಯಿಯನ್ನು ಬೈಯುತ್ತಾನೆ. ಬಹುತೇಕ ಸಲ ಅವನ ಗುಮಾನಿ ನಿಜವೂ ಹೌದು. ಆಯಿ ಐದು ಎಣಿಸುವಲ್ಲಿ ಆರು ಎಣಿಸಿರುತ್ತಾಳೆ. ಫೋನಿನಲ್ಲಿ ಆಯಿಗೆ ಆ ಅವಕಾಶವಿಲ್ಲ, ಮುತ್ಯಾನಿಗೆ ಹಿಡಿಯುವ ಸುಖವಿಲ್ಲ. ಹೀಗೆ ನಿರುದ್ಯೋಗಿಯಾದ ಗುಮಾನಿ ಯಂತ್ರದ ಮೇಲೆ ಹೋಗಿ ಕೂರುತ್ತದೆ. ಸಿದ್ಧಾಂತ ಇಷ್ಟೇ: ಮನುಷ್ಯರಿಗೆ ಮೋಸ ಮಾಡಲು ಬಿಡದ ಆಟವನ್ನು ಮನುಷ್ಯರು ನಂಬುವುದಿಲ್ಲ.

ಸಿದ್ಧಾಂತವನ್ನು ಪರ್ಸಿಯ ಮೇಲೆ ಪರೀಕ್ಷಿಸುವುದು ಬಾಕಿ ಇದೆ. ಗೆರೆ ಎಳೆದಾಗಿದೆ, ಮೂವರು ಕೂತಿದ್ದಾರೆ, ಒಂದು ಕೈ ಕಮ್ಮಿ. ಕೊಡ್ಲಿ ಕಡೆ ಬರುವ ಓದುಗರು ದಯವಿಟ್ಟು ನಾಲ್ಕು ಕವಡೆ ತರಬೇಕು. ಎಣಿಸುವ ಕೆಲಸ ಆಯಿಯದು.