ಸಿಮೆಂಟಿನ ಸೀಮೆಯ ವಿಜ್ಞಾನ ಗುರುಗಳಿಗೆ ಬಹಿರಂಗ ಪತ್ರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಗುರುಗಳೇ,

ಹತ್ತನೇ ತರಗತಿಯ ವಿಜ್ಞಾನದಲ್ಲಿ ಮೊದಲ ಪಾಠಕ್ಕೇ ಸುಣ್ಣದ ಕಲ್ಲು ಬರುತ್ತದೆ. ಕಾಯಿಸಿದರೆ ಸುಟ್ಟ ಸುಣ್ಣ, ಅದು ಸಿಮೆಂಟಿಗೆ ಬೇಕು ಎಂದೊಂದು ಸಾಲು. ಮಕ್ಕಳು ‘ಕ್ಯಾಲ್ಸಿಯಂ ಕಾರ್ಬೊನೇಟ್’ ಎಂದು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಅದೇ ಕಲ್ಲಿನ ಫರಸಿಯ ಮೇಲೆ ಕೂತು ಓದಿದ ಮಕ್ಕಳವು! ಆ ಪದಗಳ ಹುಟ್ಟನ್ನು ದಯವಿಟ್ಟು ಅವರಿಗೆ ಹೇಳಿ.

‘ಸಿಮೆಂಟ್’ ಬಂದದ್ದು ಲ್ಯಾಟಿನ್ನಿನ ‘ಕೈಮೆಂಟುಮ್’ನಿಂದ. ಅದರ ಬೇರು ‘ಕೈದೆರೆ’, ಅಂದರೆ ಕಡಿಯುವುದು. ರೋಮನ್ನರ ಬಾಯಲ್ಲಿ ಅದು ಗಣಿಯಲ್ಲಿ ಒಡೆದ ಒರಟು ಕಲ್ಲು. ಅಂಥ ಚೂರುಗಳನ್ನು ಗಾರೆಯಲ್ಲಿ ಹಾಕಿ ಗೋಡೆ ಎಬ್ಬಿಸುತ್ತಿದ್ದರು. ಬರಬರುತ್ತ ಕಲ್ಲಿನ ಹೆಸರು ಅಂಟಿಸುವ ಪುಡಿಗೆ ಹೋಯಿತು, ಕಲ್ಲು ಕಡಿದವನು ಪದದೊಳಗಿಂದ ಮರೆಯಾದ. ನಮ್ಮ ಸೀಮೆಯಲ್ಲೂ ಹಾಗೇ ಆಗಿದೆ ಎಂಬುದು ನನ್ನ ಸಂಕಟ.

ನಮ್ಮ ಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಬೇಯಿಸಿ, ಅರೆದು ತುಂಬಿದ ಚೀಲವನ್ನು ನೋಡಿ. ‘ಪೋರ್ಟ್‌ಲ್ಯಾಂಡ್’ ಎಂದಿರುತ್ತದೆ: ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಎಂಬಲ್ಲಿಯ ಕಲ್ಲನ್ನು ನೆನೆದು ಇಟ್ಟ ಹೆಸರು. ‘ಪೊಜೊಲಾನಾ’ ಎಂದಿದ್ದರೆ ಅದು ಇಟಲಿಯ ಪೊಜುವೋಲಿ ಊರು. ಆ ಚೀಲದ ಮೇಲೆ ನಮ್ಮ ಶಹಾಬಾದ್ ಎಲ್ಲಿದೆ?

ಕ್ಯಾಲ್ಸಿಯಂನ ಮೂಲ ಲ್ಯಾಟಿನ್ನಿನ ‘ಕಾಲ್ಕ್ಸ್’, ಅಂದರೆ ಸುಣ್ಣ. ಅದಕ್ಕೂ ಹಿಂದೆ ಗ್ರೀಕರ ‘ಖಾಲಿಕ್ಸ್’ ಎಂಬ ಹರಳುಕಲ್ಲು ಇದೆ ಎನ್ನುತ್ತಾರೆ ವಿದ್ವಾಂಸರು. ‘ಕಾಲ್ಕುಲುಸ್’ ಎಂದರೂ ಹರಳೇ. ಹರಳಿಟ್ಟು ಎಣಿಸುತ್ತಿದ್ದುದರಿಂದ ‘ಕ್ಯಾಲ್ಕುಲೇಟರ್’. ಹುಡುಗರ ಮೊಬೈಲಿನಲ್ಲೂ ಕಲ್ಲೇ ಕೂತಿದೆ.

ಇದು ಭಾಷೆಯ ಪಾಠ, ನಮಗೇಕೆ ಎನ್ನಬೇಡಿ. ಪದಗಳ ವಿಚಾರ ಈ ನೆಲಕ್ಕೆ ಹೊಸದಲ್ಲ. ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡದಲ್ಲಿ ಸಂಸ್ಕೃತದ ಪದ ಹೇಗೆ ಬೆರೆಯಬೇಕು ಎಂಬ ವಿಚಾರ 9ನೇ ಶತಮಾನದಲ್ಲೇ ಅಲ್ಲಿ ನಡೆದಿತ್ತು.

ಮುಂದಿನ ಸಲ ಈ ಪಾಠಕ್ಕೆ ಒಂದು ಫರಸಿ ಚೂರು ತನ್ನಿ. ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿ, ನೊರೆ ಏಳಲಿ. ಆಮೇಲೆ ಗಣಿ ಕೆಲಸದವರ ಮನೆಯ ಹುಡುಗನೋ ಹುಡುಗಿಯೋ ಇದ್ದರೆ ಗೌರವದಿಂದ ಮುಂದೆ ಕರೆಯಿರಿ. ಪದರದ ಸಂದಿಗೆ ಉಳಿ ಎಲ್ಲಿ ಇಡಬೇಕು, ಚಪ್ಪಡಿ ಒಡೆಯದಂತೆ ಹಾರೆಯಿಂದ ಹೇಗೆ ಎಬ್ಬಿಸಬೇಕು, ಅವರೇ ವಿವರಿಸಲಿ. ‘ಕೈದೆರೆ’ ಎಂದು ಬೋರ್ಡಿನ ಮೇಲೆ ಆಗ ಬರೆಯಿರಿ.

ಇತಿ ನಿಮ್ಮ,
ಕಲಬುರಗಿ ಸೀಮೆಯ ಒಬ್ಬ ಓದುಗ