ಹೋಗಿ ಬರ್ತೀನಿ

ದೊಡ್ಡಪ್ಪ: ಪುಟ್ಟೀ, ಈ ಫೇಸ್‌ಬುಕ್ಕಿಂದ ನನ್ನನ್ನ ಬಿಡಿಸು ತಾಯಿ. ಹಲ್ಲುಜ್ಜೋಕೆ ಮುಂಚೆಯೇ ಮೂವತ್ತು ಜನ ನನ್ನ ಹೆಸರು ಅಂಟಿಸಿ ಶುಭೋದಯ ಅಂತಾರೆ.

ಪುಟ್ಟಿ: ಡೀಆಕ್ಟಿವೇಟೋ, ಡಿಲೀಟೋ?

ದೊಡ್ಡಪ್ಪ: ಏನು ವ್ಯತ್ಯಾಸ?

ಪುಟ್ಟಿ: ಮೊದಲನೇದು ಬೀಗ ಹಾಕಿ ಊರಿಗೆ ಹೋದ ಹಾಗೆ. ಮೆಸೆಂಜರ್ ಮಾತ್ರ ತೆರೆದೇ ಇರುತ್ತೆ.

ದೊಡ್ಡಪ್ಪ: ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಹಾರುಹೊಡೆದು! ಡಿಲೀಟೇ ಮಾಡು.

ಪುಟ್ಟಿ: ಒತ್ತಿದೆ. 30 ದಿನದೊಳಗೆ ಲಾಗಿನ್ ಆಗಿ ರದ್ದು ಮಾಡಬಹುದು. ಪೂರ್ತಿ ಅಳಿಸೋಕೆ 90 ದಿನದವರೆಗೂ ಹಿಡಿಯಬಹುದಂತೆ.

ದೊಡ್ಡಪ್ಪ: ಸತ್ತವನಿಗೇ 13ನೇ ದಿನ ವೈಕುಂಠ ಸಮಾರಾಧನೆ ಮುಗಿಸಿ ಕಳಿಸ್ತೀವಲ್ಲೇ!

ಪುಟ್ಟಿ: ನೀವು ಬೇರೆಯವರಿಗೆ ಕಳಿಸಿದ ಮೆಸೇಜು ಅವರ ಇನ್‌ಬಾಕ್ಸಲ್ಲಿ ಹಾಗೇ ಉಳಿಯುತ್ತೆ.

ದೊಡ್ಡಪ್ಪ: ನಿನ್ನ ದೊಡ್ಡಮ್ಮನೇ ಪುಣ್ಯವಂತೆ. ಸೇರಲೇ ಇಲ್ಲ.

ಪುಟ್ಟಿ: ಅವರ ನಂಬರ್ ಇರೋ ಯಾರಾದ್ರೂ ಫೋನಿನ ಕಾಂಟ್ಯಾಕ್ಟ್ಸ್ ಅಪ್‌ಲೋಡ್ ಮಾಡಿದ್ರೆ ಸಾಕು, ಅದೂ ಫೇಸ್‌ಬುಕ್ಕಿಗೆ ಸಿಗುತ್ತೆ. ಸೇರದವರ ಮಾಹಿತಿಯನ್ನೂ ಭದ್ರತೆಗೋಸ್ಕರ ಸಂಗ್ರಹಿಸ್ತೀವಿ ಅಂತ ಫೇಸ್‌ಬುಕ್ಕಿನ ಜುಕರ್‌ಬರ್ಗ್ 2018ರಲ್ಲಿ ಅಮೆರಿಕದ ಕಾಂಗ್ರೆಸ್ ಮುಂದೆ ಒಪ್ಪಿಕೊಂಡಿದ್ದಾರೆ.

ದೊಡ್ಡಪ್ಪ: ಮದುವೆಗೆ ಹೋಗದಿದ್ರೂ ಮುಯ್ಯಿ ಪುಸ್ತಕದಲ್ಲಿ ಹೆಸರು!

(ಹನ್ನೆರಡನೇ ದಿನ ಬೆಳಗ್ಗೆ. ದೊಡ್ಡಪ್ಪನ ಕಾಫಿ ಲೋಟದಲ್ಲಿ ಕೆನೆ ಕಟ್ಟಿದೆ; ಕಣ್ಣು ಮೊಬೈಲಿನಲ್ಲಿ.)

ಪುಟ್ಟಿ: ದೊಡ್ಡಪ್ಪಾ! ಮತ್ತೆ ಲಾಗಿನ್ ಆದ್ರಾ?

ದೊಡ್ಡಪ್ಪ: ನಾನಿಲ್ಲ ಅಂತ ಯಾರಾದ್ರೂ ಬೇಜಾರು ಮಾಡ್ಕೊಂಡ್ರಾ ನೋಡೋಣ ಅಂತ...

ಪುಟ್ಟಿ: ಮಾಡ್ಕೊಂಡ್ರಾ?

ದೊಡ್ಡಪ್ಪ: ಒಬ್ಬನೂ ಇಲ್ಲ. ಅದಕ್ಕೇ ರದ್ದು ಮಾಡ್ಬಿಟ್ಟೆ. ನಮ್ಮಲ್ಲಿ ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು. ಆ ಕಂಪನಿಯವರಿಗೆ ನಮ್ಮ ಸಂಪ್ರದಾಯ ಚೆನ್ನಾಗಿ ಗೊತ್ತು ಕಣೇ!